ನೊಣಗಳ ಸೋಮವಾರ

ಗೆಳೆಯರೇ, ನನ್ನ ಪ್ರಯೋಗ ಇವತ್ತು ನಮ್ಮ ಅವ್ವನ ಕೈಯಾಗ ಹಾಳಾತು. ಹೊಟ್ಟಿ ಖಾಲಿ ಇದ್ದಾಗ ಒಂದು ಹಾರ್ಮೋನು ಮೈಯಾಗಿನ ಕೊಬ್ಬು ಕರಗಿಸಿ ಶಕ್ತಿ ಕೊಡತೈತಿ ಅಂತ ನಾಳೆ ಕಾಲೇಜು ಹುಡುಗರಿಗೆ ತೋರಿಸಬೇಕಿತ್ತು. ಅದಕ್ಕ ಹಣ್ಣಿನ ನೊಣಗಳನ್ನ ಬಾಟ್ಲಿಯಾಗ ಬರೇ ನೀರಿನ ಮ್ಯಾಲೆ ಇಟ್ಟು, "ಅವ್ವಾ, ಇವು ಇವತ್ತು ಉಪವಾಸ ಅದಾವು" ಅಂತ ಹೇಳಿ ಹರಪನಹಳ್ಳಿ ಬಸ್ ಹತ್ತಿದ್ದೆ. ಸಂಜಿಗೆ ಬಂದು ನೋಡಿದ್ರ ಬಾಟ್ಲಿಯಾಗ ಬಾಳಿಹಣ್ಣು!

"ಉಪವಾಸ ಅಂತ ಹೇಳಿದ್ದೆನಲ್ಲವ್ವಾ?"

"ಅದಕ್ಕ ಬಾಳಿಹಣ್ಣು ಹಾಕೀನಿ. ಅನ್ನ ಏನರ ಹಾಕೀನೇನು?"

ಸೋಮವಾರ ಅವ್ವಂದೂ ಉಪವಾಸ. ಬಾಳಿಹಣ್ಣು, ಅವಲಕ್ಕಿ, ಶೇಂಗಾ ಉಂಡಿ ಮುಗಿಸಿ ಈಗ ಹಾಲು ಕುಡಿಯಾಕ ಕುಂತಾಳ. ಕೊಬ್ಬು ಕರಗಿಸೋ ಹಾರ್ಮೋನಿಗೆ ನಮ್ಮ ಮನಿಯಾಗ ಉಪವಾಸದ ದಿನವೇ ರಜಾ.