ಅಕ್ಕನ ಅಳತೆ

ಮಂಗಳೂರಿನ ಸೆಕೆಯಲ್ಲಿ ಕೂತು ಅಂಗಿ ಹೆಣೆಯುತ್ತಾರೆ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಮ್ಮ ಊರಿನವರೂ ನಗುತ್ತಿದ್ದರು. ‘ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ’ ಎಂದು ನಮ್ಮ ಮಾವ್ಶಿ, ಅಂದರೆ ಅಮ್ಮನ ತಂಗಿ, ಹೆಣಿಗೆಯ ಕಡ್ಡಿ ಕಂಡಾಗಲೆಲ್ಲ ಹೇಳುವಳು. ಅಮ್ಮ ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಹೆಣಿಗೆ ಕಲಿತವಳು. ಉಣ್ಣೆ ಈ ಊರಿಗೆ ಆಗಿಬರುವುದಿಲ್ಲ ಎಂದು ಗೊತ್ತಾದ ಮೇಲೆ ಹತ್ತಿ ನೂಲಿಗೆ ಇಳಿದಳು, ಆದರೆ ಕಡ್ಡಿ ಬಿಡಲಿಲ್ಲ. ಪ್ರತಿ ಬೇಸಿಗೆಗೂ, ಶಾಲೆಗೆ ರಜೆ ಸಿಗುವ ಹೊತ್ತಿಗೆ, ನನಗೊಂದು ತೆಳು ಅಂಗಿ ತಯಾರು. ಒಮ್ಮೆ ತೋಳಿಲ್ಲದ್ದು, ಒಮ್ಮೆ ಗಿಡ್ಡ ತೋಳಿನದ್ದು, ಮೈತುಂಬ ಗಾಳಿಯಾಡಲಿಕ್ಕೆ ಸಣ್ಣ ಸಣ್ಣ ತೂತು.

ಆ ಅಂಗಿಯ ನಮೂನೆ ಆರಿಸುವುದೇ ಒಂದು ಹಬ್ಬ. ಬೊಂಬಾಯಿಯ ನೆಂಟರು ಕಳಿಸಿದ ಹಳೆಯ ಇಂಗ್ಲಿಷ್ ಪತ್ರಿಕೆಗಳ ಹಾಳೆಗಳನ್ನು ಅಮ್ಮ ಕದ್ರಿಯ ನಮ್ಮ ಮನೆಯ ಜಗಲಿಯಲ್ಲಿ ಹರಡುವಳು. ಅವುಗಳಲ್ಲಿ ಬಿಳಿ ಹುಡುಗಿಯರು ಸಮುದ್ರದ ಬದಿಯಲ್ಲಿ ನಿಂತು ನಗುತ್ತಿದ್ದರು. ಒಬ್ಬಳ ಮೈಯಲ್ಲೂ ಬೆವರಿನ ಗುರುತಿಲ್ಲ. ಅಮ್ಮ ನೂಲನ್ನು ತನ್ನ ಕುತ್ತಿಗೆಯ ಹಿಂದೆ ಉಜ್ಜಿ ನೋಡುವಳು. ಅಲ್ಲಿ ಚುಚ್ಚಿದರೆ ಆ ನೂಲು ಬೇಡ. ದಪ್ಪ ನೂಲಿನ ಅಂಗಿ ಬೆವರು ಕುಡಿದು ಜೋಲುತ್ತದೆ, ತೀರಾ ಸಪೂರದ್ದಾದರೆ ಒಗೆದ ಮೇಲೆ ಆಕಾರ ನಿಲ್ಲುವುದಿಲ್ಲ ಎಂದು ಅವಳ ಲೆಕ್ಕ. ತೂತು ಸ್ವಲ್ಪ ದೊಡ್ಡದಾಗಿ ಕಂಡರೆ ಮಾವ್ಶಿ, “ಎಂತ, ಇದರಲ್ಲಿ ಬಂಗುಡೆ ಹಿಡಿಯಲಿಕ್ಕೆ ಉಂಟಾ?” ಎನ್ನುವಳು.

ಇಷ್ಟೆಲ್ಲ ನೋಡುವ ಅಮ್ಮ ನನ್ನನ್ನು ಮಾತ್ರ ನೋಡುತ್ತಿರಲಿಲ್ಲ. ನನ್ನ ಅಳತೆಯನ್ನು ಅವಳು ಎಂದೂ ತೆಗೆದದ್ದಿಲ್ಲ. ಫ್ರಾಕು ಹೊಲಿಯುವ ದರ್ಜಿ ಕೂಡ ಟೇಪು ಹಿಡಿದು ನನ್ನನ್ನು ನಾಲ್ಕು ಸಲ ತಿರುಗಿಸುತ್ತಿದ್ದ. ಅಮ್ಮ ಕಡ್ಡಿ ಹಿಡಿದಳೆಂದರೆ ಕುಣಿಕೆಗಳು ತಾವಾಗಿ ಏರಿ, ತಾವಾಗಿ ನಿಲ್ಲುತ್ತಿದ್ದವು. “ಕೈಗೆ ಗೊತ್ತುಂಟು” ಎನ್ನುತ್ತಿದ್ದಳು. ಆ ಕೈಗೆ ಗೊತ್ತಿದ್ದದ್ದು ನನ್ನ ಮೈಯಲ್ಲ ಎಂದು ನನಗೆ ತಿಳಿಯಲು ಕೆಲವು ವರ್ಷ ಹಿಡಿಯಿತು.

ನನಗೊಬ್ಬಳು ಅಕ್ಕ ಇದ್ದಳು. ನಾನು ಹುಟ್ಟುವ ಮೊದಲೇ, ಅವಳಿಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ, ಜ್ವರ ಬಂದು ತೀರಿಹೋದವಳು. ಯೇಸುವಿನ ಪಟದ ಪಕ್ಕದಲ್ಲಿ ಅವಳ ಫೋಟೋ ಇತ್ತು. ಸಪೂರ ಮೈ, ಉದ್ದ ಕುತ್ತಿಗೆ, ಹೆಣಿಗೆಯ ಬಿಳಿ ಅಂಗಿ. ಸಂಜೆ ಜಪಮಾಲೆ ಮುಗಿದ ಮೇಲೆ ಅವಳ ಆತ್ಮಕ್ಕೆಂದು ಒಂದು ಪ್ರಾರ್ಥನೆ ಹೆಚ್ಚು ಹೇಳುತ್ತಿದ್ದೆವು. ಅಮ್ಮ ವರ್ಷ ವರ್ಷವೂ ಅವಳಿಗೆ ಹೆಣೆದು ಹೆಣೆದು ಆ ಮೈಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಅದೇ ಪಾಠವನ್ನು ನನ್ನ ಮೇಲೆ ಒಪ್ಪಿಸುತ್ತಿದ್ದಳು. ನಾನೋ ಎಳೆ ಹಲಸಿನಕಾಯಿಯ ಹಾಗೆ ಇದ್ದವಳು. ಅಂಗಿ ಎದೆಗೆ ಬಿಗಿ, ಕಂಕುಳಲ್ಲಿ ಕೆಂಪು ಗೆರೆ, ಸೊಂಟದ ಕೆಳಗೆ ಮಾತ್ರ ಬೇಕಾದ್ದಕ್ಕಿಂತ ಉದ್ದ. “ಅಂಗಿ ಸರಿ ಉಂಟು ಮಾರಾಯ್ತಿ, ನೀನೇ ಸರಿ ಇಲ್ಲ” ಎಂದು ಮಾವ್ಶಿ ತಮಾಷೆ ಮಾಡುವಳು.

ನನಗೆ ಅದು ತಮಾಷೆಯಾಗಿರಲಿಲ್ಲ. ಮಧ್ಯಾಹ್ನದ ಸೆಕೆಗೆ ಆ ಅಂಗಿ ಬೆನ್ನಿಗೆ ಅಂಟಿದಾಗ, ಯಾರೋ ಹಿಂದಿನಿಂದ ಬಂದು ಸಪೂರ ಕೈಗಳಲ್ಲಿ ನನ್ನನ್ನು ಅಪ್ಪಿ ಹಿಡಿದ ಹಾಗೆ ಆಗುತ್ತಿತ್ತು. ನಾನು ಓಡಿದರೆ ಅವಳೂ ಓಡುತ್ತಿದ್ದಳು. ಬಾವಿಗೆ ಬಗ್ಗಿ ನೋಡಿದರೆ ನನ್ನ ಮುಖದ ಹಿಂದೆ ಇನ್ನೊಂದು ಮುಖ ಇದ್ದೀತು ಎಂದು ಹೆದರಿ ಬಗ್ಗುತ್ತಲೇ ಇರಲಿಲ್ಲ. ಎಂದೂ ಕಾಣದ ಆ ಹುಡುಗಿಯ ಬಗ್ಗೆ ನನಗೆ ಎಷ್ಟು ಹೆದರಿಕೆಯೋ ಅಷ್ಟೇ ಸಿಟ್ಟು. ನನಗೆ ಬೇಕಾದದ್ದು ಹೆಚ್ಚೇನಲ್ಲ: ನನ್ನ ಅಳತೆ ತೆಗೆದು ಹೆಣೆದ ಒಂದು ಅಂಗಿ.

ಅರವತ್ತರ ದಶಕ ಶುರುವಾಗಿತ್ತು. ನನಗೂ ಒಂಬತ್ತು ದಾಟಿತು. ಆ ವರ್ಷ ಮೊದಲ ಬಾರಿಗೆ ನಮೂನೆಯನ್ನು ನಾನೇ ಆರಿಸಿದೆ. ತಿಳಿ ನೀಲಿ, ತೋಳಿಲ್ಲ, ಕುತ್ತಿಗೆಯ ಸುತ್ತ ಎಲೆಯಾಕಾರದ ತೂತುಗಳು. ಅಮ್ಮ “ಆಗಲಿ” ಎಂದು ಕುಣಿಕೆ ಏರಿಸಲು ಕೂತಳು. ಏರಿಸಿದಳು, ನೋಡಿದಳು, ಬಿಚ್ಚಿದಳು. ಮರುದಿನ ಮತ್ತೆ ಏರಿಸಿ ಬಿಚ್ಚಿದಳು. ಬಿಚ್ಚಿ ಬಿಚ್ಚಿ ನೂಲು ನವೆಯಿತು. ಅವಳ ಕೈಗೆ ಒಂಬತ್ತರ ಆಚೆ ಏನೂ ಗೊತ್ತಿರಲಿಲ್ಲ. ನನಗೆ ಒಳಗೊಳಗೇ ಖುಷಿ. ಈಗಾದರೂ ನನ್ನನ್ನು ಹತ್ತಿರ ಕರೆಯಬೇಕು, ಬೇರೆ ದಾರಿಯೇ ಇಲ್ಲ ಎಂದು ಜಗಲಿಯಲ್ಲಿ ಅವಳ ಕಣ್ಣೆದುರೇ ಸುಳಿದಾಡಿದೆ. ಅವಳು ಕರೆಯಲಿಲ್ಲ.

ನಮಗೆ ಹಾಲು ತರುತ್ತಿದ್ದ ನೆರೆಮನೆಯ ಹೆಂಗಸನ್ನು ನಾನು ಮಾಮಿ ಎನ್ನುತ್ತಿದ್ದೆ. ವಾಮಂಜೂರಿನ ಗದ್ದೆಯ ಬದಿಯ ಮನೆ ಅವಳ ತವರು. ಅವಳೂ ಅಮ್ಮನೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಒಂದು ಬೆಳಿಗ್ಗೆ ಚೆಂಬು ಕೆಳಗಿಟ್ಟವಳೇ, “ಬಾಯಮ್ಮ, ಆಟಿಯಲ್ಲಿ ನನ್ನ ಮಗಳಿಗೆ ಮದುವೆ” ಎಂದಳು.

ಅವಳಿಗೆ ಇದ್ದವರೆಲ್ಲ ಗಂಡುಮಕ್ಕಳು. ಹೆಣ್ಣು ಒಂದೇ, ಅದು ಹಲ್ಲು ಬರುವ ಮೊದಲೇ ತೀರಿಹೋಗಿತ್ತು. ಅಮ್ಮನಿಗೆ ಅದು ಗೊತ್ತಿತ್ತು. ಅದೂ ಆಟಿ, ಅಂದರೆ ಆಷಾಢ, ಬದುಕಿದ್ದವರಿಗೆ ಯಾರೂ ಮದುವೆ ಮಾಡದ ತಿಂಗಳು.

“ಕನಸಿನಲ್ಲಿ ಬರ್ತಾಳೆ ಬಾಯಮ್ಮ, ಸೀರೆ ಕೇಳ್ತಾಳೆ. ಹೋದ ಮಕ್ಕಳೂ ಅಲ್ಲಿ ಬೆಳೀತಾರಲ್ಲ? ಪ್ರಾಯ ಆಯ್ತು ಅವಳಿಗೆ. ತೀರಿಹೋದ ಒಬ್ಬ ಹುಡುಗನ ಮನೆಯವರು ಸಿಕ್ಕಿದ್ದಾರೆ, ಒಳ್ಳೆಯ ಜನ. ಮಣೆಯ ಮೇಲೆ ಸೀರೆ, ರವಕೆ, ಬಳೆ ಎಲ್ಲ ಇಟ್ಟು ಮಾಡ್ತೇವೆ.” ಆಮೇಲೆ ದನಿ ತಗ್ಗಿಸಿ, “ನಿಮ್ಮ ದೊಡ್ಡವಳದ್ದೂ ಅದೇ ಪ್ರಾಯ ಅಲ್ಲವಾ?” ಎಂದಳು.

ಮಾವ್ಶಿ ಒಳಗಿನಿಂದಲೇ ಶಿಲುಬೆಯ ಗುರುತು ಹಾಕಿಕೊಂಡಳು. ಮಾಮಿ ಹೋದ ಮೇಲೆ, “ಇಂಥದ್ದೆಲ್ಲ ಕಿವಿಗೆ ಹಾಕ್ಕೊಳ್ಬೇಡ, ಪಾದ್ರಿಗಳಿಗೆ ಗೊತ್ತಾದರೆ ಎಂತ ಹೇಳಿಯಾರು?” ಎಂದು ಗದರಿಸಿದಳು. ಅಮ್ಮ ಹಾಲು ಕಾಯಿಸಲು ಎದ್ದುಹೋದಳು.

ಅದೇ ದಿನ ಅವಳ ಕೈ ಮತ್ತೆ ಓಡಲು ಶುರುವಾಯಿತು. ಈ ಸಲ ಬಿಚ್ಚಲಿಲ್ಲ. ನಾನು ಆರಿಸಿದ ನಮೂನೆಯೇ, ತಿಳಿ ನೀಲಿ ನೂಲೇ. ಆದರೆ ಕಡ್ಡಿಯ ತುಂಬ ಕುಣಿಕೆ ಏರಿದವು. ಅಂಗಿ ನನ್ನ ಎದೆಯ ಅಗಲ ದಾಟಿತು, ನನ್ನ ಉದ್ದವನ್ನೂ ದಾಟಿತು. ಬೆಳೆಯುವ ಮಕ್ಕಳಿಗೆ ದೊಡ್ಡದೇ ಹೆಣೆಯಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಅಮ್ಮ ಅದನ್ನು ತನ್ನ ಭುಜಕ್ಕೆ ಹಿಡಿದು ನೋಡಿ, ಸೊಂಟದ ಹತ್ತಿರ ಸ್ವಲ್ಪ ಒಳಗೆ ತೆಗೆದುಕೊಂಡದ್ದನ್ನು ಕಂಡೆ. ಪ್ರಾಯಕ್ಕೆ ಬಂದ, ಸಪೂರ ಹುಡುಗಿಯೊಬ್ಬಳ ಮೈ ಅವಳ ಕೈಯಲ್ಲಿ ಮೂಡುತ್ತಿತ್ತು. ಹತ್ತು ವರ್ಷ ಒಂದೇ ಕಡೆ ನಿಂತಿದ್ದ ಅಕ್ಕ ನಮ್ಮ ಜಗಲಿಯಲ್ಲೇ ದಿನಕ್ಕಿಷ್ಟು ಬೆಳೆದಳು. ಸತ್ತು ಗೆದ್ದಳಲ್ಲ ಇವಳು ಎಂದು ನಾನು ಸ್ನಾನದ ಕೋಣೆಯಲ್ಲಿ ಕೂತು ಅತ್ತೆ. ಆ ಬೇಸಿಗೆ ನಾನು ಹಳೆಯ ಅಂಗಿಯಲ್ಲೇ ಕಳೆದೆ, ಕಂಕುಳ ಹತ್ತಿರ ಅದು ಹರಿದೂ ಹೋಯಿತು.

ಆಟಿಯ ಮಳೆ ಹಿಡಿಯಿತು. ಮದುವೆಯ ಹಿಂದಿನ ದಿನ ಮಾಮಿ ಮಳೆಗೆ ತಲೆಯ ಮೇಲೆ ಓಲೆಯ ಗೊರಬೆ ಹಾಕಿಕೊಂಡು ತವರಿಗೆ ಹೊರಟು ನಿಂತಳು. ಮಾವ್ಶಿ ಪೇಟೆಗೆ ಹೋಗಿದ್ದಳು. ಅಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ತಂದು ಅವಳ ಕೈಗಿಟ್ಟಳು. ಒಂದು ಮೂಲೆಯಲ್ಲಿ ತಿಳಿ ನೀಲಿ ಕಾಣುತ್ತಿತ್ತು.

“ನಿನ್ನ ಮಗಳ ಬಟ್ಟೆಯ ಒಟ್ಟಿಗೆ ಇಡ್ಲಿಕ್ಕೆ ಆಗ್ತದಾ? ಅವಳ ಕೈಯಲ್ಲಿ ಕೊಟ್ಟರೆ... ನಮ್ಮವಳಿಗೆ ಮುಟ್ಟೀತಾ?”

ಮಾಮಿ ಗಂಟನ್ನು ಎದೆಗೆ ಒತ್ತಿಕೊಂಡಳು. “ಮುಟ್ಟದೆ ಎಂತ ಬಾಯಮ್ಮ? ಅಲ್ಲಿ ಇಗರ್ಜಿ, ದೇವಸ್ಥಾನ ಅಂತ ಬೇರೆ ಬೇರೆ ಉಂಟಾ? ನನ್ನ ಮಗಳು ಹುಡುಕಿ ಕೊಡ್ತಾಳೆ.”

ಅವಳು ಗುಡ್ಡ ಇಳಿದು ಮರೆಯಾಗುವವರೆಗೂ ಅಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ಇರಚಲು ಸೀರೆಯನ್ನೆಲ್ಲ ಒದ್ದೆ ಮಾಡಿತ್ತು. ಆಮೇಲೆ ತಿರುಗಿದಳು, ಬಾಗಿಲ ಬಳಿ ನಿಂತಿದ್ದ ನನ್ನನ್ನು ಕಂಡಳು. ಹಾಗೆ ಅವಳು ಮೊದಲು ಎಂದಾದರೂ ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ.

“ಇಲ್ಲಿ ಬಾ. ನೆಟ್ಟಗೆ ನಿಲ್ಲು.”

ಉಳಿದಿದ್ದ ನೀಲಿ ನೂಲನ್ನು ನನ್ನ ಭುಜದಿಂದ ಭುಜಕ್ಕೆ ಹಿಡಿದಳು, ಎದೆಯ ಸುತ್ತ ತಂದಳು, ಗಂಟು ಹಾಕಿದಳು. ಬೆರಳು ತಣ್ಣಗಿತ್ತು. “ಇಷ್ಟು ಅಗಲ ಆಗಿದ್ದೀಯಾ ನೀನು! ಮತ್ತೆ ಎಂತ ಬಾಯಿ ಬಿಡ್ಲಿಲ್ಲ?” ಎಂದವಳು ನನ್ನ ಬೆನ್ನಿಗೆ ಮುಖ ಒತ್ತಿ ಅಳಲು ಶುರು ಮಾಡಿದಳು. ಅಳತೆ ತಪ್ಪೀತು ಎಂದು ನಾನು ಅಲ್ಲಾಡದೆ ನಿಂತಿದ್ದೆ.

ನನ್ನ ಬೇಸಿಗೆಯ ಅಂಗಿ ತಯಾರಾದದ್ದು ಆ ಜಡಿಮಳೆಯಲ್ಲಿ. ಕಾಯಲು ನನಗೆ ಪುರುಸೊತ್ತಿರಲಿಲ್ಲ, ಅಂದೇ ಹಾಕಿಕೊಂಡೆ. ಎದೆಗೆ ಸರಿ, ಕಂಕುಳಿಗೆ ಸರಿ, ಉದ್ದವೂ ಸರಿ. ಜಗಲಿಗೆ ಓಡಿಬಂದು, ಅಭ್ಯಾಸಬಲದಿಂದ ಬೆನ್ನಿನ ಹಿಂದೆ ಕೈ ಹಾಕಿ ನೋಡಿದೆ. ಅಲ್ಲಿ ಯಾವ ಬಿಗಿತವೂ ಇರಲಿಲ್ಲ. ತೂತುಗಳಿಂದ ಮಳೆಗಾಳಿ ನೇರ ಮೈಗೆ ಹೊಡೆದು ನಾನು ನಡುಗಿದೆ. ಹುಟ್ಟಿದ ಮೇಲೆ ಮೊದಲ ಸಲ, ನನ್ನ ಅಂಗಿಯ ಒಳಗೆ ನಾನೊಬ್ಬಳೇ ಇದ್ದೆ.