ಮೇಷ್ಟ್ರ ಎದೆಗೆ ಸ್ಕ್ಯಾನ್ ಬೇಡವಂತೆ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಎದೆ ಹಿಡಿದಂತಾಗುವುದು ಹೊಸದೇನಲ್ಲ. ಬ್ರೇಕ್ ಎಂದರೆ ಆಕ್ಸಿಲರೇಟರ್ ಒತ್ತುವ, ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುವ ಶಿಷ್ಯರ ಪಕ್ಕದಲ್ಲಿ ಅರ್ಧ ಆಯಸ್ಸು ಕಳೆದವರಿಗೆ ಎದೆ ಹಿಡಿಯದೆ ಇನ್ನೇನಾದೀತು? ಆದರೆ ಈಚೆಗೆ ಮನೆಯ ಮೆಟ್ಟಿಲು ಹತ್ತುವಾಗಲೂ ಹಿಡಿಯತೊಡಗಿತು. ಹೆಂಡತಿ ಬೆನ್ನುಬಿದ್ದು ಹೃದಯದ ಡಾಕ್ಟರ ಹತ್ತಿರ ಕಳಿಸಿದರು.

ಇಸಿಜಿ ಸರಿಯಾಗಿತ್ತು. ಆದರೂ ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಹೃದಯದ ರಕ್ತನಾಳಗಳ ಸ್ಕ್ಯಾನ್ ಆಗಬೇಕೆಂದು ವಿಮಾ ಕಂಪನಿಯ ಅನುಮತಿ ಕೇಳಿದರು. ಕೆಲ ದಿನಗಳಲ್ಲಿ ಮೇಷ್ಟ್ರ ಮೊಬೈಲಿಗೆ ಉತ್ತರ ಬಂತು: "ಈ ಸ್ಕ್ಯಾನಿನ ವೈದ್ಯಕೀಯ ಅಗತ್ಯ ಕಂಡುಬಂದಿಲ್ಲ. ಮೊದಲು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ."

ಮೊದಲ ವಾಕ್ಯಕ್ಕೇ ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು. ಎರಡನೆಯದನ್ನು ಅವರು ಓದಲೇ ಇಲ್ಲ.

"ನೋಡೇ, ನನ್ನ ಹೃದಯ ಕಲ್ಲುಗುಂಡಿನ ಹಾಗಿದೆಯಂತೆ! ಕಂಪನಿಯವರೇ ಹೇಳಿದ್ದಾರೆ."

"ಅವ್ರು ನಿಮ್ಮ ಮುಖ ಆದ್ರೂ ನೋಡಿದ್ದಾರೇನ್ರೀ?"

"ಮುಖ ಯಾಕೆ ನೋಡ್ಬೇಕು? ನೋವಿರೋದು ಎದೇಲಿ."

ಹೆಂಡತಿ ಮೊಬೈಲ್ ಕಿತ್ತುಕೊಂಡು ಪೂರ್ತಿ ಓದಿದರು. "ಟ್ರೆಡ್‌ಮಿಲ್ ಮೇಲೆ ಓಡ್ಬೇಕಂತೆ. ಓಡ್ತೀರಾ?"

ಮೇಷ್ಟ್ರು ಮಂಡಿ ನೀವಿಕೊಂಡರು. ಸ್ಕೂಲಿನ ಕಾರಿನಲ್ಲಿ ತಮ್ಮ ಕಡೆಗಿದ್ದ ಎರಡನೇ ಬ್ರೇಕನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಅದು ಸವೆದುಹೋಗಿತ್ತು. ಮಳೆ ಬಂದರೂ ಅವರು ಓಡಿದವರಲ್ಲ.

"ಮಂಡಿ ವಿಷಯ ಡಾಕ್ಟ್ರಿಗೆ ಹೇಳಿದ್ರಾ?"

"ಎದೆ ಡಾಕ್ಟ್ರ ಹತ್ರ ಮಂಡಿ ಸಮಾಚಾರ ತೆಗೆದ್ರೆ ಏನಂದ್ಕೋತಾರೆ?"

ಹೆಂಡತಿ ಹಣೆ ಚಚ್ಚಿಕೊಂಡರು. ಮರುದಿನ ತಾವೇ ಜೊತೆಗೆ ಹೋಗಿ ವಿಷಯ ತಿಳಿಸಿದರು. ಡಾಕ್ಟರು ಅಲ್ಲೇ ಕಂಪನಿಯ ವೈದ್ಯರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಟ್ರೆಡ್‌ಮಿಲ್ ಯಾಕಾಗಲ್ಲ?" ಎಂದಿತು ಫೋನಿನ ದನಿ.

"ಮಂಡಿ ಸವೆದಿದೆ. ಓಡೋಕಾಗಲ್ಲ."

"ನೀವು ಕಳಿಸಿದ್ದರಲ್ಲಿ ಮಂಡಿ ಸುದ್ದಿಯೇ ಇರ್ಲಿಲ್ವಲ್ಲ?"

ಹೆಂಡತಿಯ ಎದುರು ತಮ್ಮನ್ನು ಕುಂಟನನ್ನಾಗಿ ಮಾಡಿದ್ದು ಮೇಷ್ಟ್ರಿಗೆ ಚುಚ್ಚಿತು. "ಯಾರ್ರೀ ಓಡೋಕಾಗಲ್ಲ ಅಂದೋರು? ಬೇಕಾದ್ರೆ ಈಗ್ಲೇ..." ಎನ್ನುತ್ತಾ ದಡಕ್ಕನೆ ಎದ್ದರು. ಮಂಡಿ ಲಟಕ್ಕೆಂದಿತು. "ಅಯ್ಯಯ್ಯೋ!"

"ಅದೇನ್ರೀ ಸದ್ದು?"

"ಮಂಡಿ," ಎಂದರು ಡಾಕ್ಟರು.

ಆ ಕಡೆ ಕೀಬೋರ್ಡ್ ಟಕಟಕ ಎಂದಿತು. "ಆಯ್ತು, ಸ್ಕ್ಯಾನ್ ಮಾಡ್ಸಿ. ಮಂಡಿ ಎಕ್ಸ್‌ರೇ ಒಂದು ಕಳಿಸ್ಬಿಡಿ."

ಸ್ಕ್ಯಾನಿನಲ್ಲಿ ಒಂದು ರಕ್ತನಾಳ ಮುಕ್ಕಾಲುಪಾಲು ಕಟ್ಟಿಕೊಂಡಿರುವುದು ಕಂಡಿತು. ಆ ವಾರವೇ ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಮೇಷ್ಟ್ರು ಎಳೆಯ ಮಗುವಿನ ಹಾಗೆ ಮೆತ್ತಗಾಗಿದ್ದರು.

"ಕಂಪನಿಯವರು ಬೇಡ ಅಂದಿದ್ರಲ್ಲೇ..." ಎಂದರು ಸಣ್ಣ ದನಿಯಲ್ಲಿ.

"ಅವ್ರಿಗೆ ಬೇಡದೇ ಇರ್ಬಹುದು. ನನಗೆ ಬೇಕಲ್ಲ," ಎಂದ ಹೆಂಡತಿ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

ಮೇಷ್ಟ್ರು ತಮ್ಮ ಪಾಲಿನ ತೊಳೆಗಳಲ್ಲಿ ಅರ್ಧ ತೆಗೆದು ಅವರ ಕೈಗಿಟ್ಟರು.