ಚಪ್ಪಟೆ ಹೊಟ್ಟೆಯ ರ

ನಾನು ಓದು ನಿಲ್ಲಿಸಿದ್ದು ಎಂಬತ್ತೇಳರಲ್ಲಿ, ಎಂಟನೇ ಕ್ಲಾಸಿಗೆ. ಆಮೇಲೆ ನನಗೆ ಅಕ್ಷರ ಕಲಿಸಿದ್ದು ಬನ್ನಿಮಂಟಪದ ಕುಲುಮೆ. ಮೊನ್ನೆ ಪಕ್ಕದ ಗ್ರಿಲ್ ಅಂಗಡಿಯಿಂದ ಕಾದ ಕಬ್ಬಿಣದ ವಾಸನೆ ಬಂತು. ಕಂಪ್ಯೂಟರ್ ಮುಂದೆ ಕೂತಿದ್ದವನಿಗೆ ನಮ್ಮ ಮೇಸ್ತ್ರಿ ನೆನಪಾದರು...

ಗಿರಣಿ, ಕಾರ್ಖಾನೆಗಳ ಗೇಟಿಗೆ ಕಬ್ಬಿಣದ ಹೆಸರು ಕೂರಿಸುವುದು ಅವರ ಕೆಲಸ. ಒಂದು ಪಟ್ಟಿ, ಒಂದೇ ಕಾವು, ಒಂದು ಅಕ್ಷರ. ತುಂಡರಿಸಿ ಬೆಸೆಯುವಂತಿಲ್ಲ. ಸೊಟ್ಟಗಾದರೆ ಜಜ್ಜಿಬಿಡುತ್ತಿದ್ದರು, ಬಗ್ಗಿಸಿದವನ ಬೆನ್ನಿಗೂ ಇಕ್ಕಳದ ಏಟು ಬೀಳುತ್ತಿತ್ತು. ಮದುವೆಯಾದ ಮೇಲೂ ನಾನು ತಿಂದಿದ್ದೇನೆ.

ಒಮ್ಮೆ ಅಕ್ಕಿ ಗಿರಣಿಯೊಂದರ ಕೆಲಸ ಬಂತು. ಮೇಸ್ತ್ರಿ ಊಟಕ್ಕೆ ಹೋದಾಗ ಅವರ ತಮ್ಮ ವೆಲ್ಡಿಂಗ್ ಮಷಿನ್ ತಂದು, ತುಂಡು ಸೇರಿಸಿ ನಾಲ್ಕು ಅಕ್ಷರ ಮುಗಿಸಿದ್ದ. ಮೇಸ್ತ್ರಿ ಬಂದವರೇ ಬೆಸುಗೆಯ ಮೇಲೆ ಬೆರಳಾಡಿಸಿದರು.

"ಇದೇನ್ಲಾ, ಅಕ್ಷರಕ್ಕೆ ತ್ಯಾಪೆ ಹಾಕಿದ್ದೀಯ?"

"ಯಾರಣ್ಣ ನೋಡ್ತಾರೆ? ನಿನ್ ಹಟಕ್ಕೆ ನನ್ ಹೆಂಡ್ತಿ ಮಕ್ಳು ಉಪವಾಸ ಬೀಳ್ಬೇಕಾ?"

ಮೇಸ್ತ್ರಿ ನಾಲ್ಕನ್ನೂ ಜಜ್ಜಿದರು. ಹೊಸದಾಗಿ ರ ಬಗ್ಗಿಸಲು ನನ್ನ ಕೈಲಿ ಪಟ್ಟಿ ಕಾಯಲು ಇಡಿಸಿ, ಅಡೆಗಲ್ಲಿನ ಮೇಲಿದ್ದ ಚೂರು ಸರಿಸಲು ಬಲಗೈ ಚಾಚಿದರು. ಅವರ ತಮ್ಮ ಸಿಟ್ಟಿಗೆ ಸುತ್ತಿಗೆ ಎತ್ತಿ ಆ ಕೈ ಮೇಲೆಯೇ ಹೊಡೆದ. ಮೂಳೆ ಪುಡಿಯಾದ ಸದ್ದು... ಅವನನ್ನು ಇದ್ದಿಲ ರಾಶಿಗೆ ಕೆಡವಿ, ಹಲ್ಲು ಉದುರುವಂತೆ ಗುದ್ದಿದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ.

"ಅವ್ನ ಬುಡೋ! ಪಟ್ಟಿ ಉರ್ದೋಯ್ತದೆ, ಬಾ!" ಮೇಸ್ತ್ರಿ ಕೂಗಿದರು.

ಎಡಗೈಯಲ್ಲಿ ಇಕ್ಕಳ ಹಿಡಿದು ಅವರು ತಿರುಗಿಸಿದರು, ನಾನು ಬಡಿದೆ. ಕೆಂಪು ಕಬ್ಬಿಣದ ಮೇಲೆ ಅವರ ರಕ್ತ ಚುರ್ ಎನ್ನುತ್ತಿತ್ತು. ರ ಹೊಟ್ಟೆ ಒಂದು ಕಡೆ ಚಪ್ಪಟೆಯಾಯಿತು. ಅವರದೇ ಕಟ್ಟಳೆಯಂತೆ ಜಜ್ಜಲು ಸುತ್ತಿಗೆ ಎತ್ತಿದೆ.

"ಮುಟ್ಟಿದ್ರೆ ನಿನ್ ಕೈನೂ ಮುರೀತೀನಿ ಕಣೋ."

ಆ ರ ಹಾಗೆಯೇ ಗಿರಣಿಯ ಗೇಟು ಏರಿತು. ಅವರ ಬಲಗೈ ಮತ್ತೆ ಸುತ್ತಿಗೆ ಹಿಡಿಯಲಿಲ್ಲ. ತಿದಿಯ ಪಕ್ಕ ಕೂತು, ಹೋಗುವವರೆಗೂ ನನ್ನನ್ನು ಬೈದರು...

ಗಿರಣಿ ಕೆಡವಿದಾಗ ಗುಜರಿಯವನಿಂದ ಆ ರ ತಂದೆ. ಅದನ್ನೇ ಅಳತೆಗಿಟ್ಟುಕೊಂಡು ಈಗ ಒಂದು ಫಾಂಟ್ ಮಾಡುತ್ತಿದ್ದೇನೆ. ಬಿಡಿಸುವುದು ನಾನು, ಕಂಪ್ಯೂಟರಿಗೆ ಕೂರಿಸುವುದು ಮಗಳು.

"ಅಪ್ಪ, ಈ ರ ಹೊಟ್ಟೆ ಚಪ್ಪಟೆ ಆಗಿದೆ. ರೌಂಡ್ ಮಾಡ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ" ಎಂದುಬಿಟ್ಟೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಮೇಸ್ತ್ರಿ ಇಲ್ಲ. ಕುಲುಮೆಯ ಜಾಗದಲ್ಲಿ ಟೈರ್ ಅಂಗಡಿ ಬಂದಿದೆ. ನನ್ನ ಹತ್ತಿರ ಈಗ ಇರುವುದು ಅವರ ಒಂದು ಇಕ್ಕಳ, ಕಬ್ಬಿಣದ ಒಂದು ರ, ಕಂಪ್ಯೂಟರಿನಲ್ಲಿ ನಲವತ್ತೊಂಬತ್ತು ಅಕ್ಷರ. ನಲವತ್ತೆಂಟು ನೆಟ್ಟಗಿವೆ.